ಕರುಳು ರೂಪಕವಲ್ಲದಾಗ

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಸ್ತ್ರೀವಾದಿ ವಿಮರ್ಶೆ ಓದಿದವರಿಗೆ 'ದ ಮ್ಯಾಡ್‌ವುಮನ್ ಇನ್ ದ ಆಟಿಕ್' ಎಂಬ ಹೆಸರು ಬಾಯಿಪಾಠವಾಗಿರುತ್ತದೆ. 1979ರಲ್ಲಿ ಬಂದ ಆ ದಪ್ಪ ಪುಸ್ತಕವನ್ನು ಪೂರ್ತಿ ಓದಿದವರು ಕಡಿಮೆ. ಆದರೆ 'ಜೇನ್ ಐರ್' ಕಾದಂಬರಿಯ ಅಟ್ಟದ ಮೇಲಿನ ಹುಚ್ಚಿ ಬರ್ತಾ, ಕಥಾನಾಯಕಿಯೊಳಗೆ ಅದುಮಿಟ್ಟ ಸಿಟ್ಟಿನ ಇನ್ನೊಂದು ರೂಪ ಎಂಬ ಅದರ ಓದು ಗೊತ್ತಿಲ್ಲದವರೂ ಕಡಿಮೆ. ಪುಸ್ತಕ ಬರೆದವರು ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬಾರ್. ಲೇಖನಿಯನ್ನು ಗಂಡಸಿನ ಅಂಗಕ್ಕೆ ಹೋಲಿಸುತ್ತ ಬಂದ ಪರಂಪರೆಯನ್ನು ಎದುರು ಹಾಕಿಕೊಂಡೇ ಅವರ ಮೊದಲ ಅಧ್ಯಾಯ ಶುರುವಾಗುತ್ತದೆ. ಬರೆಯುವ ಶಕ್ತಿ ಆ ಅಂಗದ್ದು ಎನ್ನುವುದಾದರೆ, ಹೆಣ್ಣು ಯಾವ ಅಂಗದಿಂದ ಬರೆಯಬೇಕು ಎನ್ನುವುದು ಅವರು ಕೇಳಿದ ಪ್ರಶ್ನೆ. ಅದರಲ್ಲಿ ವ್ಯಂಗ್ಯವಿತ್ತು, ಕಿಡಿಗೇಡಿತನವೂ ಇತ್ತು. ಅಂಗ ಎಂಬ ಮಾತು ಅಲ್ಲಿ ರೂಪಕವಾಗಿ ಬಂದಿತ್ತು.

ಮೂವತ್ತಮೂರು ವರ್ಷಗಳ ಮೇಲೆ, 2012ರಲ್ಲಿ, ಇಬ್ಬರಲ್ಲೊಬ್ಬರಾದ ಗೂಬಾರ್ ಬರೆದ 'ಮೆಮ್ವಾರ್ ಆಫ್ ಎ ಡಿಬಲ್ಕ್ಡ್ ವುಮನ್' ಪ್ರಕಟವಾಯಿತು. ಆ ಹಳೆಯ ಪ್ರಶ್ನೆಗೆ ಅವರು ಬಯಸದೇ ಕೊಡಬೇಕಾಗಿ ಬಂದ ಉತ್ತರ ಎಂದು ನಾನು ಈ ಪುಸ್ತಕವನ್ನು ಓದುತ್ತೇನೆ. 2008ರ ನವೆಂಬರ್‌ನಲ್ಲಿ ಅವರಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅಷ್ಟು ಹೊತ್ತಿಗೆ ಅದು ಹೊಟ್ಟೆಯೊಳಗೆಲ್ಲ ಹರಡಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಮಾಡಿದ್ದ ಪ್ರಾಧ್ಯಾಪಕಿ ದೊಡ್ಡದೊಂದು ಶಸ್ತ್ರಕ್ರಿಯೆಗೆ ಒಳಗಾದರು. ಅಂಡಾಶಯ, ಗರ್ಭಕೋಶಗಳ ಜೊತೆಗೆ ಕರುಳಿನ ಒಂದು ಭಾಗವೂ ಹೋಯಿತು. ಪುಸ್ತಕದ ಬಹುಪಾಲು ಆ ಶಸ್ತ್ರಕ್ರಿಯೆ ಮತ್ತು ಅದು ತಂದಿಟ್ಟ ಬದುಕನ್ನು ಕುರಿತದ್ದು.

ಮೊದಲ ಸಲ ಓದಿದಾಗ ಕರುಳಿನ ಪುಟಗಳನ್ನು ನಾನು ಬೇಗ ಬೇಗ ತಿರುವಿ ಹಾಕಿದ್ದೆ. ಎರಡನೇ ಓದಿನಲ್ಲಿ, ಹಾಗೆ ತಿರುವಿದ್ದು ಯಾಕೆ ಎನ್ನುವುದೇ ಮುಖ್ಯ ಪ್ರಶ್ನೆಯಾಯಿತು. ಕೀಮೋದಿಂದ ಕೂದಲು ಉದುರಿದ್ದನ್ನು, ಸಾವಿನ ಭಯವನ್ನು, ಗಂಡನ ಮಮತೆಯನ್ನು ನಿಧಾನವಾಗಿ ಓದಬಲ್ಲ ನಾನು, ಹೊಟ್ಟೆಯ ಮೇಲೆ ಅಂಟಿಸಿದ ಮಲದ ಚೀಲ ಬಂದ ಕೂಡಲೇ ಯಾಕೆ ಓಡಿದೆ? ಇಷ್ಟಕ್ಕೂ ಆ ಪುಟಗಳನ್ನು ಬರೆಯುವುದಕ್ಕೆಂದೇ ಲೇಖಕಿ ಈ ಪುಸ್ತಕ ಬರೆದದ್ದು. ರೋಗಿಗಳು ನಾಚಿಕೆಯಿಂದ ನುಂಗಿಕೊಳ್ಳುವುದನ್ನು ಹೇಳಿಬಿಡಬೇಕು ಎನ್ನುವುದು ಅವರ ಹಟ.

ಪುಸ್ತಕವನ್ನು ತೂಗಿನೋಡುವ ಮೊದಲು ಅದರ ಮಧ್ಯದಲ್ಲಿರುವ ಶಸ್ತ್ರಕ್ರಿಯೆ ಏನೆಂದು ತಿಳಿಯಬೇಕು. ಅಂಡಾಶಯಗಳು ಹೊಟ್ಟೆಯ ಪೊರೆಯೊಳಗಿನ ಖಾಲಿ ಜಾಗಕ್ಕೆ ತೆರೆದುಕೊಂಡು ನಿಂತಿರುತ್ತವೆ. ಅಲ್ಲಿ ಹುಟ್ಟಿದ ಕ್ಯಾನ್ಸರ್ ಕಣಗಳು ಕಳಚಿಕೊಂಡು ಹೊಟ್ಟೆಯೊಳಗಿನ ದ್ರವದ ಜೊತೆ ಸುತ್ತಾಡಿ ಬೀಜ ಚೆಲ್ಲಿದಂತೆ ಎಲ್ಲೆಲ್ಲೋ ನೆಲೆಯೂರುತ್ತವೆ: ಕರುಳಿನ ಮೇಲೆ ಮುಸುಕಿನಂತೆ ಇಳಿಬಿದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಪದರದಲ್ಲಿ, ಕರುಳಿನ ಹೊರಮೈಯಲ್ಲಿ, ಮೇಲೆ ವಪೆಯ ಅಡಿಭಾಗದಲ್ಲಿ. ಗರ್ಭಕೋಶದ ಹಿಂದೆಯೇ ದೊಡ್ಡ ಕರುಳಿನ ಕೊನೆಯ ಭಾಗ ಇದೆ. ಇವೆರಡರ ನಡುವಿನ ತಗ್ಗಿನಲ್ಲಿ ಗಡ್ಡೆ ಬೆಳೆದರೆ ಗರ್ಭಕೋಶವೂ ಕರುಳೂ ಒಂದಕ್ಕೊಂದು ಅಂಟಿ ಬಿಡಿಸಲಾಗದ ಗಂಟಾಗುತ್ತವೆ. ಆಗ ಸರ್ಜನ್ ಅವೆರಡನ್ನೂ ಒಟ್ಟಿಗೆ ತೆಗೆದು, ಉಳಿದ ಕರುಳಿನ ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ಹೊಲಿಗೆ ಕೂಡದೆ ಸೋರಿದರೆ ಹೊಟ್ಟೆಯೊಳಗೆ ಕೀವು ಕಟ್ಟುತ್ತದೆ, ಜೀವಕ್ಕೆ ಅಪಾಯ. ಅದನ್ನು ತಪ್ಪಿಸಲು, ಅಥವಾ ಸೋರಿದ ಮೇಲೆ ಸರಿಪಡಿಸಲು, ಕರುಳಿನ ಒಂದು ತುದಿಯನ್ನು ಹೊಟ್ಟೆಯ ಚರ್ಮದಿಂದ ಹೊರಗೆ ತಂದು ಚೀಲ ಅಂಟಿಸುತ್ತಾರೆ. ಸಣ್ಣ ಕರುಳನ್ನು ಹಾಗೆ ತಂದರೆ ಅದು ಇಲಿಯಾಸ್ಟಮಿ.

ಕಣ್ಣಿಗೆ ಕಾಣುವ ಗಡ್ಡೆಯನ್ನೆಲ್ಲ ತೆಗೆಯುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಡಿಬಲ್ಕಿಂಗ್ ಎನ್ನುತ್ತಾರೆ. ಬಲ್ಕ್ ಎಂದರೆ ಗಾತ್ರ, ಹೊರೆ, ಅದನ್ನು ಇಳಿಸುವುದು. ಗೂಬಾರ್ ಈ ಪದವನ್ನು ಗಡ್ಡೆಯಿಂದ ಕಿತ್ತು ಹೆಂಗಸಿಗೆ ಅಂಟಿಸಿದ್ದಾರೆ. ಹೊರೆ ಇಳಿದದ್ದು ಗಡ್ಡೆಯದಲ್ಲ, ನನ್ನದು ಎನ್ನುವಂತೆ. ಶೀರ್ಷಿಕೆಯನ್ನು ಕನ್ನಡಕ್ಕೆ ತರಲು ಹೊರಟರೆ ಕೈಗೆ ಬರುವ ಮಾತುಗಳೆಲ್ಲ ಕೈಕೊಡುತ್ತವೆ. 'ಹೊರೆ ಇಳಿಸಿಕೊಂಡವಳು' ಎಂದರೆ ನೆಮ್ಮದಿಯ ಅರ್ಥ ಬರುತ್ತದೆ. 'ಹೊಟ್ಟೆ ಇಳಿಸಿದವಳು' ಎಂದರೆ ವ್ಯಾಯಾಮದ ಜಾಹೀರಾತಾಗುತ್ತದೆ. 'ಬರಿದಾದವಳು' ಎಂಬುದು ಹತ್ತಿರ ಬಂದರೂ ಅದರಲ್ಲಿ ಮರುಕವಿದೆ. ಮೂಲದ ಪದದಲ್ಲಿರುವುದು ಗೋದಾಮಿನ ಒರಟುತನ.

ಈ ಒರಟುತನಕ್ಕೆ ಚರಿತ್ರೆಯಿದೆ. ಗೂಬಾರ್ ತಮ್ಮ ಪುಸ್ತಕದ 'ಓವೇರಿಯಾನ' ಎಂಬ ಅಧ್ಯಾಯವನ್ನು ಅಂಡಾಶಯದ ಸಾಂಸ್ಕೃತಿಕ ಚರಿತ್ರೆಗೇ ಮೀಸಲಿಟ್ಟಿದ್ದಾರೆ. ಆ ಚರಿತ್ರೆಯ ಮೊದಲ ದೊಡ್ಡ ಘಟನೆ ಅಮೆರಿಕದ ಕೆಂಟಕಿಯ ಡ್ಯಾನ್‌ವಿಲ್ ಎಂಬ ಊರಿನದು. 1809ರ ಡಿಸೆಂಬರ್‌ನಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸು ಸುಮಾರು 60 ಮೈಲಿ ಕುದುರೆಯ ಮೇಲೆ ಬಂದು ಎಫ್ರಾಯಿಮ್ ಮ್ಯಾಕ್‌ಡವೆಲ್ ಎಂಬ ವೈದ್ಯನ ಮುಂದೆ ಮಲಗಿದಳು. ಅರಿವಳಿಕೆ ಬರಲು ಇನ್ನೂ ಮೂರೂವರೆ ದಶಕ ಬೇಕಿತ್ತು. ಇಪ್ಪತ್ತೈದು ನಿಮಿಷದಲ್ಲಿ ಸುಮಾರು ಹತ್ತು ಕಿಲೋ ತೂಕದ ಅಂಡಾಶಯದ ಗಡ್ಡೆ ಹೊರಬಂತು. ಹೊಟ್ಟೆ ಸೀಳಿದ ಕೂಡಲೇ ಕರುಳೆಲ್ಲ ಮೇಜಿನ ಮೇಲೆ ಹೊರಬಿತ್ತು, ಆಪರೇಷನ್ ಮುಗಿಯುವವರೆಗೂ ಅದನ್ನು ಒಳಗಿಡಲಾಗಲಿಲ್ಲ ಎಂದು ವೈದ್ಯನೇ 1817ರಲ್ಲಿ ಬರೆದಿದ್ದಾನೆ. ಐದನೇ ದಿನಕ್ಕೆ ಅವಳು ಎದ್ದು ತನ್ನ ಹಾಸಿಗೆ ತಾನೇ ಸರಿಮಾಡಿಕೊಳ್ಳುತ್ತಿದ್ದಳಂತೆ. ಮುಂದೆ ಮೂವತ್ತೆರಡು ವರ್ಷ ಬದುಕಿದಳು. ಆಪರೇಷನ್ ನಡೆಯುವಾಗ ಅವಳು ಬೈಬಲ್ಲಿನ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದಳು ಎಂಬ ಕಥೆ ಪ್ರಸಿದ್ಧ. ಆದರೆ ಆ ಮೇಜಿನ ಮೇಲೆ ಏನಾಯಿತೆಂದು ನಾವು ಓದುವುದು ವೈದ್ಯನ ಬರಹದಲ್ಲಿ. ಕರುಳು ಅವಳದು, ವರದಿ ಅವನದು.

ಅಂಡಾಶಯ ತೆಗೆಯುವುದು ಸಾಧ್ಯ ಎಂದು ಗೊತ್ತಾದ ಮೇಲೆ ಅದರ ದುರುಪಯೋಗವೂ ಆಯಿತು. 1872ರಿಂದ ರಾಬರ್ಟ್ ಬ್ಯಾಟೀ ಎಂಬ ವೈದ್ಯ ಮುಟ್ಟಿನ ತೊಂದರೆಗೆ, ನರದೌರ್ಬಲ್ಯಕ್ಕೆ, 'ಉನ್ಮಾದ'ಕ್ಕೆ ಮದ್ದು ಎಂದು ಚೆನ್ನಾಗಿಯೇ ಇದ್ದ ಅಂಡಾಶಯಗಳನ್ನು ತೆಗೆಯುವುದನ್ನು ರೂಢಿಗೆ ತಂದ. ಅಟ್ಟದ ಮೇಲಿನ ಹುಚ್ಚಿಯ ಬಗ್ಗೆ ಬರೆದ ವಿಮರ್ಶಕಿಗೆ ಈ ಚರಿತ್ರೆ ಬರೀ ಹಿನ್ನೆಲೆಯಾಗಿ ಉಳಿಯುವುದು ಸಾಧ್ಯವಿಲ್ಲ. ಹೆಣ್ಣಿನ ಸಿಟ್ಟನ್ನು ರೋಗವೆಂದು ಕರೆದು ಅವಳ ಅಂಗ ಕತ್ತರಿಸಿದ ಕಾಲವೊಂದಿತ್ತು. ಈಗ ನಿಜವಾಗಿಯೂ ರೋಗವಿದೆ, ಕತ್ತರಿಸಲೇಬೇಕು. ಮೊದಲನೆಯದನ್ನು ಅನುಮಾನಿಸಲು ಕಲಿತ ಮನಸ್ಸು ಎರಡನೆಯದನ್ನು ನಂಬುವುದು ಹೇಗೆ? ಪುಸ್ತಕದಲ್ಲಿ ಉದ್ದಕ್ಕೂ ಎಳೆದಾಡುವ ಬಿಗಿ ಇದು. ತಮ್ಮ ವೈದ್ಯರ ಬಗ್ಗೆ ಗೂಬಾರ್‌ಗೆ ಕೃತಜ್ಞತೆಯಿದೆ. ಅವರು ಕೊಟ್ಟ ಚಿಕಿತ್ಸೆಯ ಬಗ್ಗೆ ಕೋಪವಿದೆ. ಎರಡನ್ನೂ ಅವರು ಒಂದೇ ಪುಟದಲ್ಲಿ ಇಡುತ್ತಾರೆ, ಒಂದರಿಂದ ಇನ್ನೊಂದನ್ನು ಅಳಿಸುವುದಿಲ್ಲ.

ಈಗ ಕರುಳಿಗೆ ಬರೋಣ. ಕನ್ನಡದ ಓದುಗರಿಗೆ ಈ ಪುಸ್ತಕ ಅಮೆರಿಕದ ಓದುಗರಿಗೆ ಒಡ್ಡದ ಒಂದು ತೊಡಕನ್ನು ಒಡ್ಡುತ್ತದೆ. ನಮಗೆ ಕರುಳು ಎಂದರೆ ತಾಯ್ತನ. ಹೆತ್ತ ಕರುಳು, ಕರುಳ ಕುಡಿ, ಕರುಳಬಳ್ಳಿ, ಕರುಳ ಸಂಕಟ, ಕರುಳು ಚುರುಕ್ ಎನ್ನುವುದು, ಕರುಳು ಕಿತ್ತು ಬರುವುದು. ಗರ್ಭಕೋಶ ಮಾಡುವ ಕೆಲಸದ ಹೆಸರನ್ನೆಲ್ಲ ನಮ್ಮ ಭಾಷೆ ಕರುಳಿಗೆ ಕೊಟ್ಟುಬಿಟ್ಟಿದೆ. 'ಹೊಟ್ಟೆ'ಯೂ ಹಾಗೆಯೇ. ಊಟ ಹೋಗುವುದೂ ಅಲ್ಲಿಗೆ, ಮಗು ಬರುವುದೂ ಅಲ್ಲಿಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಎನ್ನುತ್ತೇವೆ. ತಪ್ಪನ್ನು ಹೊಟ್ಟೆಗೆ ಹಾಕಿಕೋ ಎನ್ನುತ್ತೇವೆ. ದೇಹಶಾಸ್ತ್ರದ ಪುಸ್ತಕ ಬೇರೆ ಬೇರೆಯಾಗಿ ತೋರಿಸುವ ಎರಡು ವ್ಯವಸ್ಥೆಗಳನ್ನು ಮಾತು ಒಂದಾಗಿ ಹೆಣೆದಿದೆ. ಅಂಡಾಶಯದ ಕ್ಯಾನ್ಸರ್ ಮಾಡುವುದೂ ಅದನ್ನೇ. ಅದು ಹೆರುವ ಅಂಗವನ್ನೂ ಅರಗಿಸುವ ಅಂಗವನ್ನೂ ಒಂದೇ ಗಂಟಾಗಿ ಕಟ್ಟುತ್ತದೆ. ಭಾಷೆ ಪ್ರೀತಿಯಿಂದ ಹೆಣೆದದ್ದನ್ನು ರೋಗ ಬೇರೆಯೇ ರೀತಿಯಲ್ಲಿ ಹೆಣೆಯುತ್ತದೆ. ಸರ್ಜನ್ ಅದನ್ನು ಕತ್ತರಿಸಿ ಬಿಡಿಸಬೇಕು.

ಕರುಳು ನಮ್ಮ ಸಾಹಿತ್ಯ ಪರಂಪರೆಯಲ್ಲಿ ಇನ್ನೊಂದು ಕಡೆಯೂ ಬರುತ್ತದೆ: ಯುದ್ಧದಲ್ಲಿ. ಹಿರಣ್ಯಕಶಿಪುವಿನ ಹೊಟ್ಟೆ ಬಗೆದು ಕರುಳನ್ನು ಮಾಲೆ ಹಾಕಿಕೊಂಡ ನರಸಿಂಹನನ್ನು ಕಾಣದ ಊರಿಲ್ಲ. ಹಳಗನ್ನಡ ಕಾವ್ಯಗಳ ರಣರಂಗದಲ್ಲಿ ಮರುಳುಗಳು ಕರುಳನ್ನು ತೊಟ್ಟು ಕುಣಿಯುತ್ತವೆ. ಕಾವ್ಯಮೀಮಾಂಸೆ ಇದಕ್ಕೆ ಬೀಭತ್ಸ ಎಂಬ ರಸವನ್ನೂ ಜುಗುಪ್ಸೆ ಎಂಬ ಸ್ಥಾಯಿಭಾವವನ್ನೂ ಗೊತ್ತುಮಾಡಿ ಕೊಟ್ಟಿದೆ. ಅಂದರೆ ಜುಗುಪ್ಸೆಗೆ ನಮ್ಮಲ್ಲಿ ಸಾಹಿತ್ಯದ ಮರ್ಯಾದೆ ಇಲ್ಲವೆಂದೇನಲ್ಲ. ಆದರೆ ಆ ಕರುಳು ಶತ್ರುವಿನದು, ಗಂಡಸಿನದು, ವೀರಕ್ಕೆ ಒಡವೆಯಾಗಿ ಬರುವಂಥದ್ದು. ಹೆಣ್ಣಿನ ಕರುಳು ಬಂದರೆ ಅದು ವಾತ್ಸಲ್ಯ. ಹೆಣ್ಣೊಬ್ಬಳ ಹೊಟ್ಟೆಯಲ್ಲಿ ಅನ್ನ ಅರಗಿಸುವ, ಕಟ್ಟಿಕೊಳ್ಳುವ, ಸೋರುವ, ಸದ್ದು ಮಾಡುವ ಕರುಳಿಗೆ ಈ ಎರಡರ ನಡುವೆ ಜಾಗವಿಲ್ಲ. ನಾನು ಬೇಗ ಬೇಗ ತಿರುವಿದ ಪುಟಗಳು ಆ ಜಾಗವಿಲ್ಲದ ಕರುಳಿನವು.

ರೋಗವನ್ನು ರೂಪಕಗಳಿಂದ ಬಿಡಿಸಬೇಕು ಎಂದು ಸೂಸನ್ ಸೊಂಟಾಗ್ 1978ರಲ್ಲಿ 'ಇಲ್‌ನೆಸ್ ಆಸ್ ಮೆಟಫರ್' ಬರೆದರು. ಸ್ತನದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಬರೆದ ಆ ಪುಸ್ತಕದಲ್ಲಿ ತಮ್ಮ ಕಾಯಿಲೆಯ ಸುದ್ದಿಯನ್ನೇ ಅವರು ಎತ್ತಲಿಲ್ಲ. ಎರಡು ವರ್ಷದ ನಂತರ ಆಡ್ರೆ ಲಾರ್ಡ್ 'ದ ಕ್ಯಾನ್ಸರ್ ಜರ್ನಲ್ಸ್' ಬರೆದು, ಸ್ತನ ಕಳೆದುಕೊಂಡ ಎದೆಯನ್ನು ಹುಸಿ ಸ್ತನದಿಂದ ಮುಚ್ಚಲು ಒಪ್ಪದೆ ಎದುರು ನಿಂತರು. ಅದಕ್ಕೂ ಬಹಳ ಹಿಂದೆ, 1811ರಲ್ಲಿ, ಕಾದಂಬರಿಗಾರ್ತಿ ಫ್ಯಾನಿ ಬರ್ನಿ ಪ್ಯಾರಿಸ್ಸಿನಲ್ಲಿ ಅರಿವಳಿಕೆಯಿಲ್ಲದೆ ಸ್ತನ ತೆಗೆಸಿಕೊಂಡು, ಆ ಅನುಭವವನ್ನು ಅಕ್ಕನಿಗೆ ಬರೆದ ದೀರ್ಘ ಪತ್ರದಲ್ಲಿ ದಾಖಲಿಸಿದ್ದರು. ಕನ್ನಡದಲ್ಲಿ ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಸ್ತನದ ಕ್ಯಾನ್ಸರನ್ನು ಮನೆಮಾತಿನಲ್ಲಿ, ನಗುವನ್ನೂ ಬಿಡದೆ ಹೇಳಿದ ಪುಸ್ತಕ. ಹೀಗೆ ಎದೆಯ ಕ್ಯಾನ್ಸರ್‌ಗೆ ಒಂದು ಬರವಣಿಗೆಯ ಪರಂಪರೆ ಬೆಳೆದಿದೆ. ಸ್ತನ ಹೊರಗೆ ಕಾಣುವ ಅಂಗ, ಕಾವ್ಯ ಸಾವಿರ ವರ್ಷದಿಂದ ವರ್ಣಿಸಿದ ಅಂಗ. ಅದನ್ನು ಕಳೆದುಕೊಂಡ ದುಃಖಕ್ಕೆ ಭಾಷೆ ಸಿಗುತ್ತದೆ. ಕರುಳಿನ ಒಂದು ತುಂಡು ಕಳೆದುಕೊಂಡ ದುಃಖಕ್ಕೆ ಯಾವ ಭಾಷೆ? ಅಲ್ಲಿ ಕಳೆದದ್ದು ಅಂದವಲ್ಲ, ಹಿಡಿತ. ಎರಡು ವರ್ಷದ ಮಗುವಿಗೆ ನಾವು ಮೊದಲು ಕಲಿಸುವ ಹಿಡಿತ ಅದು. ಅದನ್ನು ಕಳೆದುಕೊಂಡವರು ಮತ್ತೆ ಮಗುವಾಗುತ್ತಾರೆ, ಆದರೆ ಯಾರೂ ಮುದ್ದು ಮಾಡದ ಮಗು.

ಗೂಬಾರ್ ಈ ಜಾಗಕ್ಕೆ ಕೈಹಾಕಿದ್ದಾರೆ. ಆಪರೇಷನ್ ಆದ ಮೇಲೆ ಹೊಟ್ಟೆಯೊಳಗೆ ಕೀವು ಕಟ್ಟಿದ್ದು, ಅದನ್ನು ಬಸಿಯಲು ತೂರಿಸಿದ ಕೊಳವೆಗಳು, ಅವು ಜಾರಿ ಮತ್ತೆ ಮತ್ತೆ ತೂರಿಸಿಕೊಳ್ಳಬೇಕಾದ ನೋವು, ಕೂರಲೂ ಮಲಗಲೂ ಆಗದ ದಿನಗಳು, ಕೊನೆಗೆ ಇಲಿಯಾಸ್ಟಮಿ. ಇವುಗಳ ಅಧ್ಯಾಯಕ್ಕೆ ಅವರು ಇಟ್ಟ ಹೆಸರು 'ಡ್ರೈನ್ಡ್ ಅಂಡ್ ಬ್ಯಾಗ್ಡ್'. ಬಸಿದು ಚೀಲಕ್ಕೆ ತುಂಬಿದ್ದು ಎಂದರ್ಥ. ಕರುಳಿನ ಹೊರಬಂದ ತುದಿಗೆ ವೈದ್ಯರು ಸ್ಟೋಮಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಎಂದರೆ ಬಾಯಿ. ಹೆಣ್ಣಿನ ದನಿಯ ಬಗ್ಗೆ, ಮೌನದ ಬಗ್ಗೆ, ಮುಚ್ಚಿಸಿದ ಬಾಯಿಯ ಬಗ್ಗೆ ಜೀವನವಿಡೀ ಬರೆದ ವಿಮರ್ಶಕಿಯ ಹೊಟ್ಟೆಯ ಮೇಲೆ ಈಗ ಇನ್ನೊಂದು ಬಾಯಿ. ಅದಕ್ಕೆ ಮುಚ್ಚಿಕೊಳ್ಳಲು ಸ್ನಾಯುವಿಲ್ಲ. ಸಭೆಯಲ್ಲಿ, ಊಟದಲ್ಲಿ, ಹಾಸಿಗೆಯಲ್ಲಿ ಅದು ತನಗೆ ಬೇಕಾದಾಗ ಸದ್ದು ಮಾಡುತ್ತದೆ. ಹೆಣ್ಣು ಯಾವ ಅಂಗದಿಂದ ಬರೆಯಬೇಕು ಎಂದು 1979ರಲ್ಲಿ ಕೇಳಿದ್ದಕ್ಕೆ ದೇಹ ಕೊಟ್ಟ ಉತ್ತರ ಇಷ್ಟು ಕ್ರೂರವಾದದ್ದು.

ಇಲ್ಲಿ ಮಾರ್ಗರೆಟ್ ಎಡ್ಸನ್ ಅವರ 'ವಿಟ್' ನಾಟಕ ನೆನಪಾಗದೆ ಇರದು. ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡಿದ ಅನುಭವದಿಂದ ಎಡ್ಸನ್ ಬರೆದ ಈ ನಾಟಕಕ್ಕೆ 1999ರಲ್ಲಿ ಪುಲಿಟ್ಜರ್ ಬಂತು. 2001ರಲ್ಲಿ ಎಮ್ಮಾ ಥಾಂಪ್ಸನ್ ನಟಿಸಿದ ಚಿತ್ರವೂ ಆಯಿತು. ಅದರ ನಾಯಕಿ ವಿವಿಯನ್ ಬೇರಿಂಗ್ ಕೂಡ ಇಂಗ್ಲಿಷ್ ಪ್ರಾಧ್ಯಾಪಕಿ. ಅವಳಿಗೂ ನಾಲ್ಕನೇ ಹಂತದ ಅಂಡಾಶಯದ ಕ್ಯಾನ್ಸರ್. ಜಾನ್ ಡನ್ನನ ಕವಿತೆಗಳನ್ನು ಅರೆದು ಕುಡಿದ ಅವಳನ್ನು, ಹಿಂದೆ ತನ್ನ ತರಗತಿಯಲ್ಲಿ ಕೂತಿದ್ದ ಹುಡುಗನೇ ಈಗ ವೈದ್ಯನಾಗಿ ಬಂದು ಪರೀಕ್ಷೆ ಮಾಡುತ್ತಾನೆ. ಪಠ್ಯವನ್ನು ಓದುತ್ತಿದ್ದವಳು ತಾನೇ ಪಠ್ಯವಾಗುತ್ತಾಳೆ. ನಾಟಕ ಬಿಗಿಯಾಗಿದೆ, ಮನಕಲಕುತ್ತದೆ. ಆದರೆ ಗೂಬಾರ್ ಓದಿದ ಮೇಲೆ ಅದರ ಒಂದು ಅನುಕೂಲ ಎದ್ದು ಕಾಣುತ್ತದೆ. ವಿವಿಯನ್ ಒಂಟಿ, ಅವಳಿಗೆ ಮನೆಯಿಲ್ಲ, ಮಕ್ಕಳಿಲ್ಲ, ಚೀಲ ತೊಳೆಯಬೇಕಾದ ಬೆಳಗುಗಳಿಲ್ಲ. ಅವಳ ರೋಗ ಪ್ರವೇಶದಿಂದ ನಿರ್ಗಮನದವರೆಗೆ ಒಂದೇ ಗೆರೆಯಲ್ಲಿ ಸಾಗಿ, ಕೊನೆಗೆ ಅವಳು ಬಟ್ಟೆ ಕಳಚಿ ಬೆಳಕಿನತ್ತ ಚಾಚುತ್ತಾಳೆ. ಸಾವು ನಾಟಕಕ್ಕೆ ಅಂತ್ಯವನ್ನು ಒದಗಿಸುತ್ತದೆ. ಗೂಬಾರ್‌ಗೆ ಅಂಥ ಅಂತ್ಯ ಸಿಗುವುದಿಲ್ಲ. ಬದುಕಿ ಉಳಿದು, ನಾಳೆ ಹೊರಗೆ ಹೊರಟರೆ ಶೌಚಾಲಯ ಎಲ್ಲಿದೆ ಎಂದು ಲೆಕ್ಕ ಹಾಕುವುದಕ್ಕೆ ಯಾವ ಪ್ರಕಾರವೂ ತಯಾರಿಲ್ಲ. ದುರಂತಕ್ಕೆ ಅದು ಸಣ್ಣದು, ಹಾಸ್ಯಕ್ಕೆ ಅದು ದೊಡ್ಡದು.

ಹಾಗಾದರೆ ಗೂಬಾರ್ ತಮಗೆ ಬೇಕಾದ ರೂಪವನ್ನು ಕಂಡುಕೊಂಡರೇ? ಪೂರ್ತಿಯಾಗಿ ಅಲ್ಲ ಎನ್ನಬೇಕು. ಪುಸ್ತಕದ ದೊಡ್ಡ ಕೊರತೆ ಅದರ ಉಲ್ಲೇಖಗಳ ದಟ್ಟಣೆ. ನೋವಿನ ಒಂದು ಸಂಗತಿ ಬಂದರೆ ಹಿಂದೆಯೇ ಯಾವುದೋ ಕವಿ, ಯಾವುದೋ ಕಾದಂಬರಿ, ಯಾವುದೋ ಚಿತ್ರ ಬಂದು ನಿಲ್ಲುತ್ತದೆ. ಕೆಲವು ಕಡೆ ಹಾಸಿಗೆಯ ಸುತ್ತ ಇಷ್ಟೊಂದು ಸಂದರ್ಶಕರು ಸೇರಿ ರೋಗಿಯ ಮುಖವೇ ಕಾಣದಂತಾಗುತ್ತದೆ. ಇದನ್ನು ಪಾಂಡಿತ್ಯದ ಚಟ ಎಂದು ತಳ್ಳಿಹಾಕುವುದು ಸುಲಭ. ನಾನೂ ಮೊದಲು ಹಾಗೇ ತಳ್ಳಿದ್ದೆ. ಆದರೆ ಜೇನ್ ಕ್ರಾಫರ್ಡ್ ಹೇಳಿಕೊಂಡಳೆಂಬ ಕೀರ್ತನೆಗಳನ್ನು ನೆನೆದಾಗ ಅಭಿಪ್ರಾಯ ಸ್ವಲ್ಪ ಸಡಿಲವಾಯಿತು. ಹೊಟ್ಟೆ ಸೀಳುವಾಗ ಅವಳು ಬಾಯಿಗೆ ಬರುವ ಮಾತನ್ನು ಹೇಳಿಕೊಂಡಳು. ಗೂಬಾರ್‌ಗೆ ಬಾಯಿಗೆ ಬರುವ ಮಾತು ಸಾಹಿತ್ಯ. ಅವರಿಗೆ ಬೇರೆ ಮಂತ್ರ ಗೊತ್ತಿಲ್ಲ. ಆದರೂ ವಿಮರ್ಶಕರಾಗಿ ಹೇಳಬೇಕಾದ್ದನ್ನು ಹೇಳಲೇಬೇಕು: ಉಲ್ಲೇಖಗಳು ತೆಳುವಾಗುವ ಕಡೆ, ಕೊಳವೆ, ಚೀಲ, ಅಂಟು, ಸೋರಿಕೆ ಎಂಬ ವಸ್ತುಗಳು ತಾವೇ ಮಾತಾಡುವ ಕಡೆ ಪುಸ್ತಕ ಗಟ್ಟಿಯಾಗುತ್ತದೆ. ಅಲ್ಲಿ ಯಾವ ಪೂರ್ವಸೂರಿಯೂ ನೆರವಿಗೆ ಬರುವುದಿಲ್ಲ. ಪೂರ್ವಸೂರಿ ಸ್ತ್ರೀಯರಿಲ್ಲದೆ ಬರೆಯುವ ಹೆಣ್ಣಿನ ಕಳವಳವನ್ನು 19ನೇ ಶತಮಾನದ ಲೇಖಕಿಯರಲ್ಲಿ ಗುರುತಿಸಿದ್ದು ಗಿಲ್ಬರ್ಟ್, ಗೂಬಾರ್ ಅವರ ಮುಖ್ಯ ಕಾಣಿಕೆ. ಆ ಕಳವಳಕ್ಕೆ ಅರವತ್ತು ದಾಟಿದ ಗೂಬಾರ್ ತಾವೇ ಸಿಕ್ಕಿಬಿದ್ದಿದ್ದಾರೆ.

ಇನ್ನೊಂದು ಪ್ರಶ್ನೆ ಪುಸ್ತಕವನ್ನು ಕಾಡುತ್ತದೆ: ಇಷ್ಟೆಲ್ಲ ಕತ್ತರಿಸಿದ್ದು ಬೇಕಿತ್ತೇ? ಇದು ರೋಗಿಯ ಗೊಣಗಾಟವಲ್ಲ. ಹೊಟ್ಟೆಯೊಳಗಿನ ಗಡ್ಡೆಯನ್ನು ಸಾಧ್ಯವಾದಷ್ಟೂ ತೆಗೆಯಬೇಕು ಎಂದು ಬೋಸ್ಟನ್ನಿನ ಜೋ ಮೀಗ್ಸ್ 1934ರಲ್ಲಿ ಬರೆದರು. 1975ರಲ್ಲಿ ಗ್ರಿಫಿತ್ಸ್ ಎಂಬ ವೈದ್ಯರು ಅದಕ್ಕೆ ಅಂಕಿಗಳ ಬಲ ಕೊಟ್ಟರು. ಉಳಿದ ಗಡ್ಡೆ ಒಂದೂವರೆ ಸೆಂಟಿಮೀಟರ್‌ಗಿಂತ ಚಿಕ್ಕದಾಗಿದ್ದವರು ಹೆಚ್ಚು ಕಾಲ ಬದುಕಿದ್ದರು. ಮುಂದೆ ಆ ಅಳತೆ ಒಂದು ಸೆಂಟಿಮೀಟರ್‌ಗೆ ಇಳಿದು, ಈಗ ಕಣ್ಣಿಗೆ ಏನೂ ಕಾಣದಂತೆ ತೆಗೆಯುವುದೇ ಗುರಿಯಾಗಿದೆ. ಗುರಿ ಬಿಗಿಯಾದಂತೆ ಶಸ್ತ್ರಕ್ರಿಯೆ ಕರುಳಿಗೆ, ಗುಲ್ಮಕ್ಕೆ, ವಪೆಗೆ ಹಬ್ಬಿತು. ಆದರೆ ಇಲ್ಲಿ ವಿಮರ್ಶೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ತೊಡಕಿದೆ. ಪೂರ್ತಿ ತೆಗೆಯಲು ಸಾಧ್ಯವಾದವರು ಹೆಚ್ಚು ಬದುಕಿದ್ದು ಸರ್ಜನ್ನರ ಕೈಚಳಕದಿಂದಲೋ, ಅಥವಾ ಪೂರ್ತಿ ತೆಗೆಯಲು ಬರುವಂಥ ಗಡ್ಡೆಗಳ ಸ್ವಭಾವವೇ ಅಷ್ಟು ಉಗ್ರವಲ್ಲದ್ದರಿಂದಲೋ? ಪಠ್ಯದ ಗುಣವನ್ನು ಓದುಗನ ಜಾಣತನವೆಂದು ತಪ್ಪು ತಿಳಿಯುವ ಅಪಾಯ ನಮಗೂ ಗೊತ್ತಲ್ಲ. 2010ರಲ್ಲಿ ಪ್ರಕಟವಾದ ದೊಡ್ಡದೊಂದು ಪ್ರಯೋಗದಲ್ಲಿ, ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡಿದವರೂ, ಮೊದಲೇ ಆಪರೇಷನ್ ಆದವರೂ ಹೆಚ್ಚು ಕಡಿಮೆ ಅಷ್ಟೇ ಕಾಲ ಬದುಕಿದರು. ಕೀಮೋ ಮೊದಲು ಪಡೆದವರಿಗೆ ಆಪರೇಷನ್ನಿನ ತೊಡಕುಗಳು ಕಡಿಮೆ. ಯಾರಿಗೆ ಯಾವುದು ಮೊದಲು ಎಂಬ ಚರ್ಚೆ ತಜ್ಞರ ನಡುವೆ ಆಮೇಲೂ ನಿಲ್ಲಲಿಲ್ಲ.

ಗೂಬಾರ್ ಈ ಚರ್ಚೆಗೆ ತೀರ್ಪು ಕೊಡಲು ಹೋಗಿಲ್ಲ. ಕೊಡುವ ಅಧಿಕಾರ ಅವರಿಗಿಲ್ಲ, ನಮಗೂ ಇಲ್ಲ. ಅವರು ಮಾಡಿದ್ದು ಬೇರೆ. ಬದುಕಿನ ತಿಂಗಳುಗಳನ್ನು ಎಣಿಸುವ ಅಂಕಿಗಳ ಪಕ್ಕದಲ್ಲಿ, ಆ ತಿಂಗಳುಗಳು ಹೇಗಿದ್ದವು ಎಂಬುದನ್ನು ಇಟ್ಟರು. ಮ್ಯಾಕ್‌ಡವೆಲ್ ಬರೆದದ್ದು ಮೇಜಿನ ಮೇಲೆ ಬಿದ್ದ ಕರುಳಿನ ವರದಿ. ಇದು ಅದೇ ಕರುಳು ಒಳಗೆ ಹೋದ ಮೇಲಿನ ವರದಿ, ಇನ್ನೂರು ವರ್ಷ ತಡವಾಗಿ, ಆ ಮೇಜಿನ ಮೇಲೆ ಮಲಗಿದವರ ಕಡೆಯಿಂದ. ಈ ವರದಿಗೂ ಮಿತಿಯಿದೆ. ವಿಮೆ, ಪುಸ್ತಕಗಳು, ಊಟ ತಂದುಕೊಡುವ ಗೆಳತಿಯರು, ಪಕ್ಕದಲ್ಲೇ ಇರುವ ಗಂಡ, ಎಲ್ಲ ಇರುವ ಪ್ರಾಧ್ಯಾಪಕಿಯ ವರದಿ ಇದು. ಆ ಅನುಕೂಲ ತಮಗಿದೆ ಎಂಬುದನ್ನು ಅವರು ಬಲ್ಲರು. ಅಷ್ಟಿದ್ದೂ ಸಹಿಸುವುದು ಇಷ್ಟು ಕಷ್ಟವಾದರೆ, ಅದ್ಯಾವುದೂ ಇಲ್ಲದವರ ಗತಿಯೇನು ಎಂಬ ಪ್ರಶ್ನೆಯನ್ನು ಪುಸ್ತಕ ಓದುಗರಿಗೇ ಬಿಡುತ್ತದೆ.

ಕರುಳಬಳ್ಳಿಯ ಮಾತು ಇಲ್ಲಿ ಮತ್ತೆ ಮರಳಿ ಬರುತ್ತದೆ. ತಮ್ಮ ಕ್ಯಾನ್ಸರಿನ ಹಿಂದೆ ಬಿಆರ್‌ಸಿಎ ಎಂಬ ವಂಶವಾಹಿಯ ದೋಷವಿದೆ ಎಂದು ಗೂಬಾರ್‌ಗೆ ತಿಳಿದಾಗ ಚಿಂತೆ ಹೆಣ್ಣುಮಕ್ಕಳ ಕಡೆಗೆ ತಿರುಗುತ್ತದೆ. ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಇಳಿದು ಬರಬಹುದಾದ ದೋಷ ಅದು. ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಜರ್ಮನ್ ಯಹೂದಿಗಳ ಮಗಳು ಅವರು. ಆ ಪೀಳಿಗೆ ಬಾಯಿಬಿಡದೆ ದಾಟಿಸಿದ ನೋವನ್ನು ಕವಿತೆ ಹೇಗೆ ಹೊತ್ತಿತು ಎಂದು 2003ರಲ್ಲಿ 'ಪೊಯೆಟ್ರಿ ಆಫ್ಟರ್ ಆಶ್‌ವಿಟ್ಸ್' ಬರೆದಿದ್ದರು. ಈಗ ದಾಟಿಹೋಗಬಹುದಾದದ್ದು ನೆನಪಲ್ಲ, ಜೀನು. ಹೆತ್ತ ಕರುಳಿನ ಸಂಕಟ ಎಂದು ನಾವು ಎಷ್ಟು ಸಲೀಸಾಗಿ ಅನ್ನುತ್ತೇವೆ. ಇಲ್ಲಿ ಕರುಳೂ ಸಂಕಟವೂ ಎರಡೂ ಅಕ್ಷರಶಃ. ರೂಪಕ ಸುಳ್ಳಾಗಿಲ್ಲ, ಅದರ ಬೆಲೆ ಎಷ್ಟೆಂದು ಗೊತ್ತಾಗಿದೆ. ಸೊಂಟಾಗ್ ಬಯಸಿದಂತೆ ರೋಗವನ್ನು ರೂಪಕದಿಂದ ಪೂರ್ತಿ ತೊಳೆಯುವುದು ಕನ್ನಡದಲ್ಲಿ ಆಗದ ಮಾತು, ಯಾಕೆಂದರೆ ನಮಗೆ ಕರುಳಿಗೆ ಬೇರೆ ಪದವೇ ಇಲ್ಲ. ಆದರೆ ರೂಪಕದ ಅಡಿಯಲ್ಲಿ ಒಂದು ನಿಜವಾದ ನಾಳವಿದೆ, ಅದು ಅನ್ನ ಸಾಗಿಸುತ್ತದೆ, ಅದಕ್ಕೂ ಕಾಯಿಲೆ ಬರುತ್ತದೆ ಎಂದು ನೆನಪಿಡುವುದು ಆಗದ ಮಾತಲ್ಲ.

ನೆನಪಿಡದೆ ಹೋದರೆ ಏನಾಗುತ್ತದೆ ಎಂಬುದೂ ಈ ಪುಸ್ತಕದ ಮೊದಲ ಪುಟಗಳಲ್ಲೇ ಇದೆ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಮಲಬದ್ಧತೆ, ಸುಸ್ತು. ಗೂಬಾರ್‌ರಂಥ ಓದಿಕೊಂಡವರೇ ಇದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟರು. ನಮ್ಮಲ್ಲಾದರೆ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನ ಒಂದು ಮಾತ್ರೆ, ಒಂದು ಲೋಟ ಜೀರಿಗೆ ನೀರು. ಹೊಟ್ಟೆಯಲ್ಲಿ ಆಗುತ್ತಿರುವುದನ್ನು ಇನ್ನಷ್ಟು ಬಿಡಿಸಿ ಹೇಳಲು ಅಮ್ಮಂದಿರಿಗೆ ಸಂಕೋಚ, ಬಿಡಿಸಿ ಕೇಳಲು ಮಕ್ಕಳಿಗೆ ಸಂಕೋಚ. ಅಂಡಾಶಯದ ಕ್ಯಾನ್ಸರ್ ಬಹುಪಾಲು ಪತ್ತೆಯಾಗುವುದು ಅದು ಹರಡಿದ ಮೇಲೆ. ನಂಬಬಹುದಾದ ತಪಾಸಣೆ ಅದಕ್ಕೆ ಇನ್ನೂ ಇಲ್ಲದಿರುವುದು ದೊಡ್ಡ ಕಾರಣ. ಬಾಯಿಬಿಟ್ಟು ಹೇಳಿದರೆ ಎಲ್ಲರೂ ಉಳಿಯುತ್ತಾರೆ ಎಂದು ಹೇಳುವುದು ಸುಳ್ಳಾಗುತ್ತದೆ. ಆದರೆ ವಾರಗಟ್ಟಲೆ ಬಿಡದ ಉಬ್ಬರವನ್ನು ವೈದ್ಯರ ಮುಂದೆ ಹೆಸರಿಟ್ಟು ಹೇಳುವುದಕ್ಕೆ ಬೇಕಾದದ್ದು ಮೊದಲು ಭಾಷೆ.

ಗೂಬಾರ್ ಬದುಕಿದರು. 2012ರಿಂದಲೇ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಕ್ಯಾನ್ಸರಿನ ಜೊತೆಗಿನ ಬದುಕಿನ ಬಗ್ಗೆ ಅಂಕಣ ಬರೆಯತೊಡಗಿದರು. ಔಷಧಿಯ ಪ್ರಯೋಗವೊಂದಕ್ಕೆ ಸೇರಿಕೊಂಡರು. 2021ರಲ್ಲಿ ಗಿಲ್ಬರ್ಟ್ ಜೊತೆ 'ಸ್ಟಿಲ್ ಮ್ಯಾಡ್' ಎಂಬ ಇನ್ನೊಂದು ಪುಸ್ತಕ ಬರೆದರು. ಇದನ್ನು ಛಲದ ಗೆಲುವು ಎಂದು ಓದಬಾರದು. ಅವರಷ್ಟೇ ಛಲವಿದ್ದ ಎಷ್ಟೋ ಹೆಂಗಸರು ಉಳಿಯಲಿಲ್ಲ ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ. 'ಮೆಮ್ವಾರ್ ಆಫ್ ಎ ಡಿಬಲ್ಕ್ಡ್ ವುಮನ್' ಅವರ ಅತ್ಯುತ್ತಮ ಪುಸ್ತಕವಲ್ಲ. ಅದರ ವಾಕ್ಯಗಳು ಕೆಲವು ಕಡೆ ಉಸಿರುಗಟ್ಟುತ್ತವೆ, ಕೆಲವು ಕಡೆ ಉಪನ್ಯಾಸವಾಗುತ್ತವೆ. ಆದರೂ 'ಮ್ಯಾಡ್‌ವುಮನ್' ಓದಿದ ವಿದ್ಯಾರ್ಥಿಗಳು ಇದನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಅಟ್ಟದ ಮೇಲೆ ಕೂಡಿಹಾಕಿದವಳು ಯಾರೆಂದು ಮೊದಲನೆಯ ಪುಸ್ತಕ ಕೇಳಿತ್ತು. ಎರಡನೆಯದು ಮನೆಯ ಇನ್ನೊಂದು ಬಾಗಿಲನ್ನು ತಟ್ಟುತ್ತದೆ. ಅದು ಬಚ್ಚಲಿನದು. ಒಳಗಿರುವವರು ನಮ್ಮವರೇ, ಬಹಳ ಹೊತ್ತಾಯಿತು.